ಹಿತ್ತಲಲ್ಲಿ ಬಡಿಸಿದ ಎಲೆಗಳು

ಹಿಂದಿನ ಬೀದಿಯಿಂದ ಕಜ್ಜಾಯ ಕರಿಯುವ ವಾಸನೆ ಬಂತು. ಒಲೆ ಸಣ್ಣ ಮಾಡಿ ಕಿಟಕಿಯ ಹತ್ತಿರ ನಿಂತೆ. ಬೆಲ್ಲದ ಪಾಕ, ಎಳ್ಳು, ಕಾದ ಎಣ್ಣೆ... ಪಿತೃಪಕ್ಷ ಬಂತೆಂದರೆ ನನಗೆ ಪಕ್ಕದ ಮನೆಯ ಅಕ್ಕ ನೆನಪಾಗುತ್ತಾರೆ.

ಹಾಸನದ ಕಡೆಯಿಂದ ಕುಶಾಲನಗರಕ್ಕೆ ಮದುವೆಯಾಗಿ ಬಂದವರು. ಹಿರಿಯರಿಗೆ ಎಡೆ ಇಡುವ ದಿನ ಒಳಗೆ ಗಂಡನ ಮನೆಯ ಹಿರಿಯರಿಗೆ ಅಗಲವಾದ ಬಾಳೆಲೆ, ಹೊಸ ಪಂಚೆ, ಹೊಸ ಸೀರೆ. ಎಲ್ಲ ಮುಗಿದ ಮೇಲೆ ಅಕ್ಕ ಸೆರಗಿನಡಿ ಏನೋ ಮುಚ್ಚಿಕೊಂಡು ಹಿತ್ತಲಿಗೆ ಬರುತ್ತಿದ್ದರು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ತುಂಡೆಲೆಗಳನ್ನು ಹಾಸಿ, ಒಂದಕ್ಕೆ ಹುರಿದ ಒಣಮೀನು, ಇನ್ನೊಂದಕ್ಕೆ ಕಜ್ಜಾಯ ಇಡುತ್ತಿದ್ದರು. ಅವು ತೀರಿಹೋದ ತಾಯಿ ಕಡೆಯವರಿಗೆ. ಕೊಟ್ಟ ಹೆಣ್ಣು ಆ ಕಡೆಯವರಿಗೆ ಎಡೆ ಇಡುವ ಪದ್ಧತಿ ಇರಲಿಲ್ಲ. ಅತ್ತೆ ಕಂಡರೆ ಗೊಣಗುತ್ತಿದ್ದರು.

ಅಕ್ಕನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದು ತಿಳಿದು ಮೈಸೂರಿನಲ್ಲಿ ಆಪರೇಷನ್ ಆಯಿತು. ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಬರುತ್ತದೆ ಎಂದು ನನ್ನನ್ನೂ ಕರೆದೊಯ್ಯುತ್ತಿದ್ದರು. ಡಾಕ್ಟರಮ್ಮ ನನಗಿಂತ ಒಳ್ಳೆಯ ಕನ್ನಡ ಮಾತಾಡುತ್ತಿದ್ದರು ಅನ್ನುವುದು ಬೇರೆ ಮಾತು. ಈ ಕಾಯಿಲೆ ಕೆಲವರಿಗೆ ಹುಟ್ಟಿನಿಂದಲೇ ಇಳಿದು ಬರುತ್ತದೆ, ಅನುಮಾನ ಇರುವವರನ್ನು ಆರಿಸಿ ಜೀನ್ ಪರೀಕ್ಷೆಗೆ ಕಳಿಸುತ್ತೇವೆ, ಗೊತ್ತಾದರೆ ಮಕ್ಕಳು, ಒಡಹುಟ್ಟಿದವರು ಮೊದಲೇ ಎಚ್ಚರವಾಗಬಹುದು ಎಂದು ಅವರು ಬಿಡಿಸಿ ಹೇಳಿದರು.

"ನಮ್ಮ ವಂಶದಲ್ಲಿ ಯಾರಿಗೂ ಇಲ್ಲ ಮೇಡಂ," ಎಂದರು ಜೊತೆಗೆ ಬಂದಿದ್ದ ಅಕ್ಕನ ತಮ್ಮ. "ಅಪ್ಪ, ತಾತ, ದೊಡ್ಡಪ್ಪ ಎಲ್ಲಾ ಮುದುಕರಾಗೇ ಹೋದವ್ರು."

ಅಕ್ಕನೂ ತಲೆಯಾಡಿಸಿದರು. ವಯಸ್ಸೂ ಅರವತ್ತರ ಹತ್ತಿರ; ಇಳಿದು ಬಂದದ್ದಾದರೆ ಸಾಮಾನ್ಯವಾಗಿ ಇನ್ನೂ ಬೇಗ ಕಾಣಿಸಿಕೊಳ್ಳುತ್ತದಂತೆ. ಹಾಗಾದರೆ ಬೇಡವೇನೋ ಎಂದು ಡಾಕ್ಟರಮ್ಮ ಪೆನ್ನು ಮುಚ್ಚುವುದರಲ್ಲಿದ್ದರು. ನನಗೆ ಆ ಒಗೆಯುವ ಕಲ್ಲು ಕಣ್ಣಮುಂದೆ ಬಂತು.

"ಅಕ್ಕ, ಹಿತ್ತಲಲ್ಲಿ ಎಲೆ ಹಾಕ್ತೀರಲ್ಲ... ಅವರೆಲ್ಲ ಹೇಗೆ ಹೋದ್ರು?"

ಅಕ್ಕ ಬೆರಳು ಮಡಿಸುತ್ತ ಒಬ್ಬೊಬ್ಬರನ್ನೇ ಹೇಳತೊಡಗಿದರು. ಸೋದರಮಾವ ನಲವತ್ತು ತುಂಬುವ ಮೊದಲೇ ಕರುಳಿನ ಗೆಡ್ಡೆಯಿಂದ ಹೋದವರು. ತಾಯಿಯ ಅಕ್ಕ, ದೊಡ್ಡಮ್ಮನಿಗೆ ಗರ್ಭಕೋಶದ ಕ್ಯಾನ್ಸರ್. ಇಳಿದು ಬರುವ ಕಾಯಿಲೆಯಲ್ಲಿ ಅದೂ ಇದೇ ಲೆಕ್ಕಕ್ಕೆ ಬರುತ್ತದೆ ಎಂದ ಡಾಕ್ಟರಮ್ಮ ಮತ್ತೆ ಪೆನ್ನು ತೆರೆದರು.

"ಅವ್ವನ ಕಡೆಯವ್ರು ನಮ್ಮ ವಂಶ ಹೆಂಗಾಯ್ತಾರೆ?" ತಮ್ಮ ಗೊಣಗಿದರು.

"ನಿನ್ನನ್ನ ಅಪ್ಪ ಒಬ್ನೇ ಹೆತ್ನೇನ್ಲಾ?" ಎಂದರು ಅಕ್ಕ. ಡಾಕ್ಟರಮ್ಮ ನಗು ತಡೆಯಲಾರದೆ ಕೆಮ್ಮಿದರು.

ಮೊದಲು ತೆಗೆದಿಟ್ಟ ಗೆಡ್ಡೆಯ ಚೂರಿನ ಪರೀಕ್ಷೆ, ಆಮೇಲೆ ರಕ್ತದ್ದು. ಜೀನಿನಲ್ಲಿ ದೋಷ ಇತ್ತು. ಒಂದು ದಿನ ಅಕ್ಕ ಬಾಗಿಲು ಹಾಕಿಕೊಂಡು ಮಲಗಿದರು. ಮರುದಿನದಿಂದ ತಾಯಿ ಕಡೆಯವರಿಗೆಲ್ಲ ಫೋನು. "ನೀವು ಬರಲ್ಲ ಅಂದ್ರೆ ನಾನೇ ಬಂದು ನಿಮ್ಮನೆ ಜಗಲೀಲಿ ಕೂತ್ಕೋತೀನಿ." ಕೊನೆಗೆ ತಾಯಿ ಕಡೆಯವರೆಲ್ಲ ಒಂದು ಜೀಪು ತುಂಬ ಮೈಸೂರಿಗೆ ಹೊರಟರು, ಅಕ್ಕನ ತಮ್ಮನೂ ಸೇರಿ. ದಾರಿಯಲ್ಲಿ ಚಹದಂಗಡಿಯವರು, "ಏನಮ್ಮ, ಹೆಣ್ಣು ನೋಡೋಕಾ?" ಎಂದರೆ, "ಇಲ್ಲಪ್ಪ, ರಕ್ತಸಂಬಂಧ ನೋಡೋಕೆ," ಎಂದರಂತೆ ಅಕ್ಕ.

ತಮ್ಮನಿಗೂ ಅಕ್ಕನ ಮಗನಿಗೂ ದೋಷ ಇಳಿದಿರಲಿಲ್ಲ. ಸೋದರಮಾವನ ಮಗಳಿಗೆ ಇಳಿದಿತ್ತು. ಸುಂಟಿಕೊಪ್ಪದಲ್ಲಿ ಬಟ್ಟೆ ಹೊಲಿಯುವವರು. ಯಾವ ನೋವೂ ಇಲ್ಲದ ಅವರ ಕರುಳಿನೊಳಗೆ ಟ್ಯೂಬು ಹಾಕಿ ನೋಡಿದರೆ, ಇನ್ನೂ ಕ್ಯಾನ್ಸರ್ ಆಗದ ಒಂದು ಗಂಟು. ಅಲ್ಲೇ ತೆಗೆದುಹಾಕಿದರು. ಅಂದು ಸಂಜೆ ಅಕ್ಕ ಬೀದಿಯ ಮನೆಮನೆಗೂ ಮೈಸೂರುಪಾಕು ಹಂಚಿದರು. ನನ್ನ ಕೈಗೆ ಎರಡು ತುಂಡು ಇಟ್ಟು, "ಗೆದ್ವಿ ಕಣವ್ವ," ಎಂದರು. ಕೀಮೋದಿಂದ ಉದುರಿ ಆಗಷ್ಟೇ ಚಿಗುರುತ್ತಿದ್ದ ಕೂದಲಿಗೂ ಒಂದು ಮಲ್ಲಿಗೆ ಸಿಕ್ಕಿಸಿಕೊಂಡಿದ್ದರು.

ಕೆಲವು ವರ್ಷಗಳ ಮೇಲೆ ಅಕ್ಕನ ಕಾಯಿಲೆ ತಿರುಗಿ ಬಂತು. ಆ ಸಲ ಅವರು ಉಳಿಯಲಿಲ್ಲ...

ನಿನ್ನೆ ಸುಂಟಿಕೊಪ್ಪದಿಂದ ಆ ಬಟ್ಟೆ ಹೊಲಿಯುವವರ ಫೋನು. ಈ ವರ್ಷದ ಟ್ಯೂಬು ಪರೀಕ್ಷೆಯಲ್ಲೂ ಏನೂ ಕಾಣಿಸಲಿಲ್ಲವಂತೆ. ಮಗಳಿಗೂ ರಕ್ತ ಪರೀಕ್ಷೆ ಮಾಡಿಸಿದರಂತೆ, ಅವಳಿಗೆ ಇಳಿದೇ ಇಲ್ಲವಂತೆ. ತಾಯಿ ಮಗಳು ಒಟ್ಟೊಟ್ಟಿಗೆ ಮಾತಾಡಿ, ನಕ್ಕು, ನನಗೆ ಅರ್ಧ ತಿಳಿಯಲೂ ಇಲ್ಲ. ಫೋನಿಟ್ಟವಳು ಸುದ್ದಿ ಹೇಳಬೇಕೆಂದು ಅಕ್ಕನ ಹಿತ್ತಲ ಬೇಲಿಯವರೆಗೂ ನಡೆದುಹೋದೆ. ಆಚೆ ಯಾರೂ ಇರಲಿಲ್ಲ. ಆದರೂ ಹೇಳಿಯೇ ಬಂದೆ.