ಹೊರಡುವ ಮೊದಲೇ ಮುಟ್ಟಿದ ರಿಪೋರ್ಟು

ದೆವ್ವ ಕಂಡೆ, ಸತ್ತವರ ದನಿ ಕೇಳಿದೆ ಎನ್ನುವವರನ್ನು ನಾನು ಬಹಳ ವರ್ಷ ಒಂದೇ ಪ್ರಶ್ನೆ ಕೇಳಿ ಸುಮ್ಮನಾಗಿಸುತ್ತಿದ್ದೆ: 'ಆವತ್ತು ಊಟಕ್ಕೆ ಏನು ಮಾಡಿದ್ದರು?' ಹೊಟ್ಟೆ ಭಾರವಾದರೆ ಕಣ್ಣಿಗೆ ಏನೇನೋ ಕಾಣುತ್ತದೆ ಎಂಬುದು ನನ್ನ ನಂಬಿಕೆ. ನನ್ನ ಕೆಲಸವೂ ಅದನ್ನೇ ಕಲಿಸಿತ್ತು. ಕಂಪ್ಯೂಟರು ಕೆಟ್ಟರೆ ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಈಗ ಹೇಳಹೊರಟಿರುವುದರಲ್ಲಿ ದೆವ್ವವೂ ಇಲ್ಲ, ಕತ್ತಲೂ ಇಲ್ಲ. ನಡೆದದ್ದು ಹಾಡುಹಗಲು, ದಸರೆಯ ದಿನ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಬಾಗಲಕೋಟೆ ಕಡೆಯವನಾದ ನಾನು ಪುಣೆಗೆ ಬಂದು, ಕೋಥರೂಡದಲ್ಲಿ ಮನೆ ಮಾಡಿಕೊಂಡು, ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ನಗರದ ಒಂದು ರಕ್ತಪರೀಕ್ಷೆಯ ಲ್ಯಾಬು ನಮ್ಮ ಗಿರಾಕಿ. ಶಿರೂರು, ಭೋರ್‌ಗಳಂಥ ಊರುಗಳ ಸಣ್ಣ ಆಸ್ಪತ್ರೆಗಳು ಅಲ್ಲಿಗೆ ರಕ್ತ ಕಳಿಸುತ್ತಿದ್ದವು. ರಿಪೋರ್ಟು ಮಾತ್ರ ಕಂಪ್ಯೂಟರಿನ ಮೂಲಕ ವಾಪಸು ಹೋಗುತ್ತಿತ್ತು. ಅದರ ವ್ಯವಸ್ಥೆ ಸರಳ. ತಯಾರಾದ ರಿಪೋರ್ಟು ಒಂದು ಸಾಲಿನಲ್ಲಿ ನಿಲ್ಲುತ್ತದೆ. ಸಾಲಿಗೆ ಸಂದೇಶ ಬಂದ ಕೂಡಲೇ ಆ ಊರಿನ ಚಾನೆಲ್, ಅಂದರೆ ಸಂದೇಶ ಹೋಗುವ ದಾರಿ, ತಾನಾಗಿ ಶುರುವಾಗಿ ಅದನ್ನು ಒಯ್ದು ಮುಟ್ಟಿಸುತ್ತದೆ. ಎಷ್ಟು ಕಳಿಸಿದೆ ಎಂದು ಈ ತುದಿ, ಎಷ್ಟು ಬಂತು ಎಂದು ಆ ತುದಿ ಲೆಕ್ಕ ಇಟ್ಟುಕೊಂಡಿರುತ್ತವೆ. ಎರಡೂ ಲೆಕ್ಕ ಕೂಡದಿದ್ದರೆ ಚಾನೆಲ್ ಶುರುವಾಗುವುದಿಲ್ಲ.

ದಸರೆಯ ಹಿಂದಿನ ಸಂಜೆ ಲ್ಯಾಬಿನವರು ಯಂತ್ರಗಳನ್ನೆಲ್ಲ ನಿಲ್ಲಿಸಿ ಪೂಜೆ ಮಾಡಿದ್ದರು. ಮರುದಿನ ಬೆಳಿಗ್ಗೆ ಸರ್ವರ್ ಚಾಲೂ ಮಾಡಿದಾಗ ಉಳಿದ ಊರುಗಳ ಚಾನೆಲ್ಲುಗಳೆಲ್ಲ ಎದ್ದವು, ಶಿರೂರಿನದು ಏಳಲಿಲ್ಲ. ಲ್ಯಾಬಿನ ಹಿರಿಯರಾದ ಸುನಂದಾತಾಯಿ ಫೋನ್ ಮಾಡಿದರು. ಸ್ಕೂಟರ್ ಹತ್ತಿ ಹೋದೆ. ರಜೆಯಾದ್ದರಿಂದ ಅವರೊಬ್ಬರೇ ಇದ್ದರು. ಸರ್ವರಿನ ಮೇಲೆ ಚೆಂಡುಹೂವಿನ ಮಾಲೆ, ಕುಂಕುಮ.

ಕಾರಣ ಬೇಗ ಸಿಕ್ಕಿತು. ಲೆಕ್ಕ ತಪ್ಪಿತ್ತು. ಆದರೆ ತಪ್ಪಿದ ರೀತಿ ಮಾತ್ರ ಉಲ್ಟಾ. ನಾವು ಕಳಿಸಿದ್ದು ದಾರಿಯಲ್ಲಿ ಕಳೆದುಹೋಗುವುದುಂಟು, ಆಗ ಅವರ ಲೆಕ್ಕ ಕಡಿಮೆ ಇರುತ್ತದೆ. ಇಲ್ಲಿ ಅವರ ಲೆಕ್ಕವೇ ಒಂದು ಹೆಚ್ಚಿತ್ತು. ನಾವು ಕಳಿಸದೆ ಇದ್ದ ಒಂದು ಸಂದೇಶ ಅವರಿಗೆ ಮುಟ್ಟಿತ್ತು.

ಶಿರೂರಿನ ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು ಶರಣಬಸಪ್ಪ, ಯಾದಗಿರಿ ಕಡೆಯವನು. ಕನ್ನಡದ ಕೂಲಿಕಾರರು ಬಂದರೆ ಡಾಕ್ಟರಿಗೆ ಅವರ ಮಾತು ತಿಳಿಸಿ ಹೇಳುವವನೂ ಅವನೇ. ಕೊನೆಗೆ ಬಂದ ಸಂದೇಶ ಯಾವುದೆಂದು ಅವನಿಗೆ ಫೋನ್ ಮಾಡಿ ಕೇಳಿದೆ.

'ಈಗೊಂದು ತಾಸಿನ ಹಿಂದ ಬಂತಲ್ರಿ ಸರ್, ನಮ್ಮ ಕಡೆ ಹೆಣ್ಮಗಳದು. ಬಿಲ್ಡಿಂಗ್ ಕೆಲಸದಾಕಿ, ಜ್ವರ ಬಂದು ಎಚ್ಚರಿಲ್ಲ. ಹೆಸರು ನಿಂಗಮ್ಮ, ನಿಮ್ಮವರು ಲಿಂಗಮ್ಮ ಅಂತ ಹೊಡದಾರ. ವಯಸ್ಸು, ಗಂಡನ ಹೆಸರು ಎಲ್ಲಾ ಬರೋಬರಿ ಅದ. ಮಲೇರಿಯಾ ಅಂತ ಬಂದದರಿ.'

ರಿಪೋರ್ಟಿನ ನಂಬರು ಓದಿಸಿದೆ. ಕೊನೆಗೆ ಮೂರು ಏಳುಗಳು, 777. ರಕ್ತದ ಸೀಸೆ ಲ್ಯಾಬಿನ ಕೈಗೆ ಬಂದ ಮೇಲೆಯೇ ನಮ್ಮ ಕಂಪ್ಯೂಟರು ಅದಕ್ಕೆ ನಂಬರು ಕೊಡುವುದು. ನೋಡಿದರೆ ಆವತ್ತು ಎಣಿಕೆ ಇನ್ನೂ ಆ ನಂಬರಿಗೆ ಬಂದೇ ಇರಲಿಲ್ಲ. ನಿಂಗಮ್ಮನಾಗಲಿ ಲಿಂಗಮ್ಮನಾಗಲಿ ಎಲ್ಲಿಯೂ ಇರಲಿಲ್ಲ. ಶಿರೂರಿನಿಂದ ಸೀಸೆ ಬಂದಿದೆಯೇ ಎಂದು ಸುನಂದಾತಾಯಿಯನ್ನು ಕೇಳಿದೆ. ಇಲ್ಲವೆಂದರು.

'ಶರಣಬಸಪ್ಪ, ಆಕಿ ರಕ್ತ ಇಲ್ಲಿ ಮುಟ್ಟೇ ಇಲ್ರಿ' ಎಂದೆ.

ಅವನು ನಕ್ಕ. ಆಮೇಲೆ ನಗು ನಿಂತಿತು. 'ಹೌದ್ರಿ ಸರ್... ರಕ್ತ ಒಯ್ದ ಡ್ರೈವರ್ ಈಗ ಶಿಕ್ರಾಪುರದಾಗಿಂದ ಫೋನ್ ಮಾಡಿದ್ದ. ಜೀಪಿನ ಟೈರ್ ಸಿಡದು ನಿಂತೀನಿ ಅಂದ. ಮುಟ್ಟಿಸಿ ಹೊಳ್ಳಿ ಬರೂವಾಗ ಅಂತ ನಾ ತಿಳ್ಕೊಂಡಿದ್ದೆ.' ಆಮೇಲೆ ಬಹಳ ಸಣ್ಣ ದನಿಯಲ್ಲಿ, 'ಡಾಕ್ಟರ್ ಇಂಜೆಕ್ಷನ್ ಶುರು ಮಾಡ್ಯಾರ್ರಿ' ಎಂದ.

ಡಾಕ್ಟರನ್ನು ಫೋನಿಗೆ ಕರೆಸಿ, ಆ ರಿಪೋರ್ಟು ನಮ್ಮಿಂದ ಹೋಗಿಲ್ಲವೆಂದು ಮರಾಠಿಯಲ್ಲಿ ಹೇಳಿದೆ. ಅವರು ರೇಗಲಿಲ್ಲ. 'ಮಲೇರಿಯಾ ಅಥವಾ ಮಿದುಳು ಜ್ವರ, ಎರಡರಲ್ಲಿ ಒಂದು ಅಂದುಕೊಂಡಿದ್ದೆ. ಇಲ್ಲಿನ ನಮ್ಮ ಲ್ಯಾಬಿನವನು ಹಬ್ಬಕ್ಕೆ ಹೋಗಿದ್ದಾನೆ. ನಿಮ್ಮ ರಿಪೋರ್ಟ್ ನೋಡಿಯೇ ಔಷಧಿ ಹಾಕಿದೆ. ಈಗ ನಿಲ್ಲಿಸಲೇ?' ಎಂದು ಕೇಳಿದರು. ಅದಕ್ಕೆ ಉತ್ತರ ಕೊಡಲು ನಾನು ಯಾರು? ಗೊತ್ತಿಲ್ಲ ಎಂದೆ. ಕೊನೆಗೆ, 'ಮುಂದುವರಿಸುತ್ತೇನೆ. ಸೀಸೆ ಬಂದ ತಕ್ಷಣ ನೋಡಿ' ಎಂದು ಫೋನ್ ಇಟ್ಟುಬಿಟ್ಟರು.

ಜೀಪು ಬಂದಾಗ ಮಧ್ಯಾಹ್ನವಾಗಿತ್ತು. ಸುನಂದಾತಾಯಿ ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಒಣಗಲು ಬಿಟ್ಟು, ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದರು. ನಾನು ಬಾಗಿಲಲ್ಲೇ ನಿಂತಿದ್ದೆ. 'ಆಹೆ' ಎಂದರು, ತಲೆ ಎತ್ತದೆ. ಇದೆ. 'ಭರ್ಪೂರ್ ಆಹೆ.' ಮಲೇರಿಯಾ, ಬೇಕಾದಷ್ಟು.

ಡಾಕ್ಟರು ಮಾಡಿದ್ದು ಸರಿಯಾಗಿತ್ತು. ಆದರೆ ನಿಜವಾಗಿ ನಾನು ಹೆದರಿದ್ದು ಅದಾದ ಮೇಲೆ. ಅವರು ಸೀಸೆಯ ಚೀಟಿ ನೋಡಿಕೊಂಡು ಕಂಪ್ಯೂಟರಿಗೆ ಕೂತರು. ನಡುವೆ ಬೇರೆ ಊರುಗಳ ಸೀಸೆಗಳು ಬಂದು ನಂಬರು ಮುಂದೆ ಸರಿದಿತ್ತು. ತೆರೆಯ ಮೇಲೆ ಮೂಡಿದ ನಂಬರಿನ ಕೊನೆಗೆ ಅದೇ ಮೂರು ಏಳುಗಳು. ಚೀಟಿಯ ಶಾಯಿ ಬೆವರಿಗೋ ನೀರಿಗೋ ಹರಡಿತ್ತು. ಕಣ್ಣು ಕಿರಿದು ಮಾಡಿ ಓದಿ, ಅವರು ಒಂದೊಂದೇ ಅಕ್ಷರ ಒತ್ತತೊಡಗಿದರು. ಲಿಂಗಮ್ಮ.

ಅದು ನಿಂಗಮ್ಮ ಎಂದು ಹೇಳಲು ಬಾಯಿ ತೆರೆದೆ. ತಪ್ಪು ತಿದ್ದುವುದು ನನಗೆ ಉಸಿರಾಟದಷ್ಟೇ ಸಹಜ. ಆದರೆ ಈ ಒಂದು ಅಕ್ಷರ ಇಲ್ಲಿ ಬದಲಾದರೆ ಬೆಳಿಗ್ಗೆ ಅಲ್ಲಿ ಮುಟ್ಟಿದ ಕಾಗದ ಏನಾಗುತ್ತದೆ, ಆ ಹೆಂಗಸಿನ ಮೈಗೆ ಹೋದ ಔಷಧಿ ಏನಾಗುತ್ತದೆ ಎಂಬ ಯೋಚನೆ ಬಂದು ಹೆದರಿ ಬಾಯಿ ಮುಚ್ಚಿಕೊಂಡೆ. ಅವರು ಕೊನೆಯ ಕೀಲಿ ಒತ್ತಿದರು. ರಿಪೋರ್ಟು ಸಾಲಿಗೆ ಬಂದು ನಿಂತಿತು.

ಚಾನೆಲ್ ಮಾತ್ರ ಬಿದ್ದೇ ಇತ್ತು. ಇಂಥ ಹೊತ್ತಿನಲ್ಲಿ ಲೆಕ್ಕವನ್ನು ನಾವೇ ಕೈಯಾರೆ ಸರಿಮಾಡಿ ಚಾನೆಲ್ ಎಬ್ಬಿಸಬೇಕು. ಆ ಆಜ್ಞೆಯನ್ನು ಟೈಪ್ ಮಾಡಿದ್ದೆ, ಎಂಟರ್ ಒತ್ತಿರಲಿಲ್ಲ. ಕಣ್ಣೆದುರೇ ಚಾನೆಲ್ ತಾನಾಗಿ ಶುರುವಾಯಿತು. ಬೆಳಗಿನಿಂದ ನಾನು ಎಷ್ಟು ಸಲ ಎಬ್ಬಿಸಿದರೂ ಏಳದಿದ್ದದ್ದು ತಾನಾಗಿ ಎದ್ದಿತು. ಸಾಲು ಖಾಲಿಯಾಯಿತು. ಎರಡೂ ತುದಿಯ ಲೆಕ್ಕ ನೋಡಿದೆ. ಕೂಡಿತ್ತು.

ಶರಣಬಸಪ್ಪನಿಗೆ ಫೋನ್ ಮಾಡಿ, ಈಗ ಬಂತೇ ಎಂದೆ.

'ಇಲ್ರಿ ಸರ್. ಹೊಸಾದು ಏನೂ ಬಂದಿಲ್ಲ. ಮುಂಜಾನೆದ್ದು ಒಂದೇ ಅದ.'

ನಮ್ಮ ಕಂಪನಿಯ ಮಾಲೀಕರು ಇದನ್ನೆಲ್ಲ ಕೇಳಿ ಸಮಾಧಾನವಾಗಿ ಕಾರಣಗಳನ್ನು ಹುಡುಕಿದರು. ಶಿರೂರಿನ ಗಡಿಯಾರ ತಪ್ಪಿರಬೇಕು ಎಂದರು. ತಪ್ಪಿರಲಿಲ್ಲ, ನೋಡಿದ್ದೆ. ಯಾರೋ ಪರೀಕ್ಷೆಗೆಂದು ಕಳಿಸಿರಬೇಕು ಎಂದರು. ಹಿಂದಿನ ಸಂಜೆ ಯಂತ್ರ ನಿಂತಾಗ ನಿಂಗಮ್ಮನಿಗೆ ಇನ್ನೂ ಎಚ್ಚರವಿತ್ತು. ಆಕೆ ಆಸ್ಪತ್ರೆಗೇ ಬಂದಿರಲಿಲ್ಲ, ಆಮೇಲೆ ಚಾನೆಲ್ ಎದ್ದದ್ದೇ ಮರುದಿನ ಮಧ್ಯಾಹ್ನ. ಸುನಂದಾತಾಯಿಯ ಹತ್ತಿರ ಮಾತೆತ್ತಿದರೆ ಅವರು ಎದ್ದು ಚಹಾ ಮಾಡಲು ಹೋಗುತ್ತಿದ್ದರು.

ಸ್ವಲ್ಪ ದಿನ ಬಿಟ್ಟು, ಅಲ್ಲಿನ ಕಂಪ್ಯೂಟರನ್ನು ಕಣ್ಣಾರೆ ನೋಡಬೇಕೆಂದು ಶಿರೂರಿಗೆ ಹೋದೆ. ಸಂದೇಶ ಇತ್ತು. ಹೊರಟ ಹೊತ್ತು ಮಧ್ಯಾಹ್ನದ್ದು, ಮುಟ್ಟಿದ ಹೊತ್ತು ಅದೇ ದಿನದ ಬೆಳಗಿನದು. ಎರಡೂ ಅಕ್ಕಪಕ್ಕದಲ್ಲೇ ಇದ್ದವು.

ಡಾಕ್ಟರು ನನ್ನನ್ನು ವಾರ್ಡಿಗೆ ಕರೆದೊಯ್ದರು. ಇನ್ನು ಅರ್ಧ ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು. ನಿಂಗಮ್ಮ ಮಂಚದ ಮೇಲೆ ಕೂತು ಗಂಡ ಹಿಡಿದುಕೊಂಡಿದ್ದ ತಟ್ಟೆಯಿಂದ ಅನ್ನ-ಸಾರು ಉಣ್ಣುತ್ತಿದ್ದಳು. ಬಹಳ ಸೊರಗಿದ್ದಳು, ಇನ್ನೂ ಚಿಕ್ಕ ವಯಸ್ಸು. ಶರಣಬಸಪ್ಪ ನನ್ನನ್ನು ತೋರಿಸಿ ಏನೋ ಹೇಳಿದ. ಅವಳು ಸೆರಗು ಸರಿಮಾಡಿಕೊಂಡು ನನ್ನ ಮುಖ ನೋಡಿದಳು.

'ಯಣ್ಣಾ, ಪುಣೆದಾಗಿಂದ ಲಗೂನ ರಿಪೋರ್ಟ್ ಕಳಿಸಿದವ್ರು ನೀವೇನ್ರಿ?'

ಹೌದೆಂದರೂ ಸುಳ್ಳು, ಅಲ್ಲವೆಂದರೂ ಸುಳ್ಳು. ನಾನು ತಲೆಯಾಡಿಸಿದೆ. ಯಾವ ಕಡೆಗೆ ಆಡಿಸಿದೆನೋ ನನಗೇ ತಿಳಿಯದು. ಅವಳು ಕೈ ಮುಗಿದಳು.