ಒಪ್ಪತ್ತಿನ ದಿನ ಹೊತ್ತ ರಾಡ್

ನಮ್ಮ ಜಿಮ್ಮಿನ ಗೋಡೆಗೆ ಒಂದು ಬಿಳಿ ಬೋರ್ಡ್ ಇದೆ. ಮಧ್ಯಾಹ್ನ ನಾಲ್ಕರಿಂದ ಐದು ಹೆಂಗಸರ ಹೊತ್ತು. ರಾಡ್ ಹೆಗಲ ಮೇಲೆ ಹೊತ್ತು, ಕುಕ್ಕರುಗಾಲಲ್ಲಿ ಕೂತು ಎದ್ದರೆ, ಎಷ್ಟು ಕೆ.ಜಿ. ಎಂದು ಕೋಚ್ ಆ ಬೋರ್ಡಿನ ಮೇಲೆ ನೀಲಿ ಮಾರ್ಕರಿನಲ್ಲಿ ಬರೆಯುತ್ತಾಳೆ. ಕೋಟೆಯ ಹತ್ತಿರದ ಹುಡುಗಿ, ನನಗಿಂತ ಹದಿನೈದು ವರ್ಷ ಚಿಕ್ಕವಳು. ಆದರೂ ನಾವೆಲ್ಲ ಅವಳನ್ನು ಆಪಾ, ಅಂದರೆ ಅಕ್ಕ, ಎನ್ನುತ್ತೇವೆ. ಆ ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಎರಡು ತಿಂಗಳಿಂದ ಮೂವತ್ತೈದೇ ಇತ್ತು. ಅದರ ಮೇಲಿನ ಸಾಲಿನಲ್ಲಿ, ನನ್ನ ನೆಗೆಣ್ಣಿಯ ಹೆಸರಿನ ಮುಂದೆ, ನಲವತ್ತು.

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಮನೆ ಕಮಲಾಪುರದಲ್ಲಿ, ಇಲ್ಲಿ ಕಲಬುರಗಿಯ ಒಂದು ಶಾಲೆಯಲ್ಲಿ ಟೀಚರ್. ಅವಳನ್ನು ಜಿಮ್ಮಿಗೆ ಕರೆತಂದವಳು ನಾನೇ. ನೆಲಕ್ಕೆ ಕೂತರೆ ಕೈಯೂರದೆ ಏಳಲಾಗುತ್ತಿರಲಿಲ್ಲವೆಂದು ನಾನು ಸೇರಿದ್ದೆ. ಬರೀ ರಾಡೇ ಹದಿನೈದು ಕೆ.ಜಿ. ಅದನ್ನು ಕತ್ತಿನ ಮೂಳೆಗೆ ತಗಲದಂತೆ ಹೇಗೆ ಹೊರಬೇಕು ಎಂದು ಅವಳಿಗೆ ತೋರಿಸಿದವಳೂ ನಾನೇ. ಅವಳು ಮೂರು ತಿಂಗಳಲ್ಲಿ ನನ್ನನ್ನು ದಾಟಿ ಹೋದಳು.

ಅವಳ ನಲವತ್ತು ನನ್ನ ಮೂವತ್ತೈದಕ್ಕಿಂತ ದೊಡ್ಡ ಅಂಕಿಯಲ್ಲಿ ಬರೆದಂತೆ ಕಾಣುತ್ತಿತ್ತು. ಒಮ್ಮೆ ಯಾರೂ ಇಲ್ಲದಾಗ ಬೆರಳಿಟ್ಟು ಅಳೆದು ನೋಡಿದೆ. ಎರಡೂ ಒಂದೇ ಅಳತೆ. ಅದಕ್ಕೆ ಇನ್ನೂ ಬೇಜಾರಾಯಿತು.

ಅಷ್ಟರಲ್ಲಿ ಅವಳು ದಿನ ಬದಲಿಸಿದಳು. ನಾನು ಹೋಗುತ್ತಿದ್ದುದು ಸೋಮವಾರ, ಬುಧವಾರ, ಶುಕ್ರವಾರ. ಅವಳು ಮಂಗಳವಾರ, ಗುರುವಾರ, ಶನಿವಾರಕ್ಕೆ ಹಾರಿದಳು. ಕಲಿಸಿದವಳ ಮುಖ ನೋಡಲು ಸಂಕೋಚವಿರಬೇಕು ಎಂದುಕೊಂಡೆ. ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪನ್ನು ಆಪಾಳ ಕೈಯಲ್ಲಿ ನನಗಾಗಿ ಕೊಟ್ಟು ಹೋಗುತ್ತಿದ್ದಳು. ನಾನು ಅದನ್ನು ಅಡಿಗೆಮನೆಯ ಬುಟ್ಟಿಯಲ್ಲಿಟ್ಟು, ಸಿಪ್ಪೆ ಪೂರ್ತಿ ಕಪ್ಪಾಗುವವರೆಗೆ ಕಾದು, ಓಣಿಯ ಆಕಳಿಗೆ ಹಾಕುತ್ತಿದ್ದೆ.

ಆಪಾ ನನಗಾಗಿ ತಲೆ ಕೆಡಿಸಿಕೊಂಡಳು. ಭಾರ ಇಳಿಸಿ ಮೂವತ್ತರಿಂದ ಮತ್ತೆ ಹತ್ತಿಸಿದಳು. ಮೂವತ್ತೇಳೂವರೆ ಹಾಕಿದಾಗ ಮತ್ತೆ ಕೆಳಗೇ ಕೂತುಬಿಟ್ಟೆ.

"ಭಾಭಿ, ನಿದ್ದಿ ಬರಾಬರ್ ಆಗ್ತದೇನ್ರೀ? ಊಟ?"

"ಎಲ್ಲಾ ಸರಿ ಅದವಾ."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಹೋಮ್‌ವರ್ಕ್ ಮಾಡದೆ ಬಂದವರು ಕಾರಣ ಹೇಳಹೋದರೆ, "ಕಾರಣ ಯಾರು ಕೇಳಿದರು?" ಎನ್ನುತ್ತಿದ್ದರು ನಮ್ಮ ಕಾನ್ವೆಂಟಿನ ಸಿಸ್ಟರ್. ಅಂದಿನಿಂದ ನಾನು ಕಾರಣ ಹೇಳುವವಳಲ್ಲ. ದಿನಾ ನೋಟ್‌ಬುಕ್ಕಿನಲ್ಲಿ ತಾರೀಖು, ವಾರ, ಭಾರ ಬರೆದು, ಎತ್ತಿದರೆ ಹಸಿರು ಗುರುತು, ಆಗದಿದ್ದರೆ ಕೆಂಪು ಹಾಕುತ್ತಿದ್ದೆ. ಗೆರೆ ಎಳೆದು ಮಾರ್ಜಿನ್ ಕೂಡ ಬಿಟ್ಟಿದ್ದೆ.

ಒಂದು ಸೋಮವಾರ ನೆಗೆಣ್ಣಿಯ ಶಾಲೆಗೆ ರಜೆಯಿತ್ತು. ಮಾವನವರನ್ನು ನೋಡಲು ನಾನೂ ನನ್ನ ಗಂಡನೂ ಕಮಲಾಪುರಕ್ಕೆ ಹೋದೆವು. ಬಸ್ಸಿಳಿದು ನೇರ ಜಿಮ್ಮಿಗೆ ಹೋಗಬೇಕೆಂದು ನನ್ನ ಚೀಲದಲ್ಲಿ ಬೂಟು, ನೋಟ್‌ಬುಕ್ ಇದ್ದವು. ನೆಗೆಣ್ಣಿ ರೊಟ್ಟಿ ಬಡಿದಳು, ನಾನು ಗಂಡಸರಿಗೆ ಬಡಿಸಿದೆ. ನಾವಿಬ್ಬರೂ ಎಲೆ ಹಾಕಿಕೊಳ್ಳಲಿಲ್ಲ. ಸೋಮವಾರ ಮತ್ತು ಶುಕ್ರವಾರ ನಮಗೆ ಒಪ್ಪತ್ತು. ಸಂಜೆ ದೀಪ ಹಚ್ಚಿದ ಮೇಲೆ ಒಂದೇ ಊಟ. ಸೊಸೆಯಂದಿರಾಗಿ ಬಂದಾಗ ಅತ್ತೆಯವರು ಇಬ್ಬರಿಗೂ ಹಿಡಿಸಿದ ವಾರಗಳು. ಇಪ್ಪತ್ತೆರಡು ವರ್ಷದಿಂದ ಕೈಯ ಬಳೆಯಂತೆ ಅಭ್ಯಾಸವಾಗಿದೆ. ಇದೆ ಎಂಬ ನೆನಪೂ ಇರುವುದಿಲ್ಲ.

ಎರಡು ಗಂಟೆಗೆ ನಾನು ಚೀಲ ಎತ್ತಿಕೊಂಡೆ. "ಹೊಂಡತೀನವಾ, ನಾಲ್ಕಕ್ಕ ಜಿಮ್ ಅದ."

ಅವಳು ಹಿಟ್ಟಿನ ಕೈ ಹಾಗೇ ನಿಲ್ಲಿಸಿದಳು. "ಅಕ್ಕಾ, ಇವತ್ತ ಒಪ್ಪತ್ತಲ್ರೀ?"

"ಅದಕ್ಕೇನಾತು?"

"ಮುಂಜಾನಿಂದ ಒಂದ ಕಪ್ ಚಾದ ಮ್ಯಾಲ ಇದ್ದೀರಿ. ಅದರ ಮ್ಯಾಲ ರಾಡ್ ಹೊರತೀರಿ?" ಕೈ ತೊಳೆದು ಬಂದು ನನ್ನ ನೋಟ್‌ಬುಕ್ ಇಸಿದುಕೊಂಡಳು. ಉತ್ತರಪತ್ರಿಕೆ ತಿದ್ದುವವರ ಹಾಗೆ ಬೆರಳಿಟ್ಟು ಇಳಿದಳು. "ಬುಧವಾರ ಎಲ್ಲಾ ಪಾಸ್. ಸೋಮವಾರ ಅದ ಭಾರಾ ಫೇಲ್, ಶುಕ್ರವಾರ ಫೇಲ್. ಬುಧವಾರ ಪಾಸ್. ಶುಕ್ರವಾರ ಫೇಲ್. ಅಕ್ಕಾ, ನಮ್ಮ ಮೂರನೇ ಕ್ಲಾಸಿನ ಹುಡುಗರೂ ಇದನ್ನ ಹೇಳತಾರ್ರೀ!"

ನನ್ನದೇ ಕೆಂಪು ಗುರುತುಗಳು. ಎಷ್ಟು ಅಂದವಾಗಿ ಬರೆದಿದ್ದೆ, ಒಂದು ದಿನವೂ ಮೇಲಿನಿಂದ ಕೆಳಗೆ ಓದಿರಲಿಲ್ಲ. ಓದುತ್ತಿದ್ದುದು ಗೋಡೆಯ ಬೋರ್ಡನ್ನು.

"ನೀ ದಿನ ಬದಲ ಮಾಡಿದ್ದು ಇದಕ್ಕೇನು? ನನಗ ಯಾಕ ಹೇಳಲಿಲ್ಲ?"

"ಹೇಳಾಕಂತನ ಫೋನ್ ಮಾಡಿದ್ದೆನಲ್ರೀ. ‘ಇಬ್ಬರೂ ಜಿಮ್ಮಿನ ವಾರ ಬದಲ ಮಾಡೂಣು ಬರ್ರಿ’ ಅನ್ನೂದರಾಗ, ‘ಕುಕ್ಕರ್ ಕೂಗಾಕತ್ತದ’ ಅಂತ ಇಟ್ಟಬಿಟ್ಟ್ರಿ."

ನೆನಪಿತ್ತು. ಅಂದು ಒಲೆಯ ಮೇಲೆ ಕುಕ್ಕರೇ ಇರಲಿಲ್ಲ.

ಆ ಸೋಮವಾರ ಜಿಮ್ಮಿಗೆ ಹೋಗಲಿಲ್ಲ. ಮರುದಿನ ಆಪಾಗೆ ಒಪ್ಪತ್ತಿನ ವಿಷಯ ಹೇಳಿದೆ. "ಭಾಭಿ, ರಂಜಾನ್ ರೋಜಾದಾಗ ನಾನ ಅರ್ಧಾ ಭಾರ ಇಳಸ್ತೀನಿ. ನೀವು ಎರಡ ತಿಂಗಳಾ ಸುಮ್ಮನಿದ್ರಿ!" ಎಂದು ಹಣೆ ಬಡಿದುಕೊಂಡಳು. ವ್ರತ ಬಿಡಲಿಲ್ಲ, ನೆಗೆಣ್ಣಿಯ ಹಾಗೆ ಜಿಮ್ಮಿನ ವಾರ ಬದಲಿಸಿದೆ. ಜಿಮ್ಮಿನ ದಿನ ಹೊಟ್ಟೆ ತುಂಬ ರೊಟ್ಟಿ, ಗಟ್ಟಿ ತೊಗರಿಬೇಳೆ. ಮೂವತ್ತೈದು ದಾಟಿತು. ಮೂವತ್ತೇಳೂವರೆ ಎರಡು ಸಲ ತಗೊಂಡಿತು.

ನಲವತ್ತು ಹಾಕಿದ್ದು ಒಂದು ಶನಿವಾರ. ನೆಗೆಣ್ಣಿ ಬೆನ್ನ ಹಿಂದೆ ನಿಂತು, ನಾನು ಬಿದ್ದರೆ ಹಿಡಿಯಲು ಎರಡೂ ಕೈ ನನ್ನ ಪಕ್ಕೆಯ ಹತ್ತಿರ ಚಾಚಿದ್ದಳು. ಐದನೆಯ ಸಲ ಕೂತಲ್ಲೇ ಸಿಕ್ಕಿಕೊಂಡೆ. "ಏಳ್ರೀ ಅಕ್ಕಾ, ಕುಕ್ಕರ್ ಕೂಗಾಕತ್ತದ!" ಎಂದು ಕಿವಿಯಲ್ಲೇ ಕೂಗಿದಳು. ಸಿಟ್ಟಿಗೋ ನಗುವಿಗೋ ಗೊತ್ತಿಲ್ಲ, ಎದ್ದುಬಿಟ್ಟೆ. ಅವಳ ಕೈ ನನಗೆ ತಾಕಲೇ ಇಲ್ಲ.

ಆಪಾ ಮೂವತ್ತೇಳೂವರೆಯನ್ನು ಒರೆಸಿ ನಲವತ್ತು ಬರೆದಳು. ನನ್ನ ಕಣ್ಣು ತಾನಾಗಿ ಮೇಲಿನ ಸಾಲಿಗೆ ಹೋಯಿತು. ನಲವತ್ತೇಳೂವರೆ.

ನೆಗೆಣ್ಣಿ ಬೆಂಚಿನ ಮೇಲೆ ಕೂತು ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ.

"ಇನ್ನೊಂದು ಅದ ಏನವಾ?" ಎಂದೆ.