ಪೆನಾಂಗ್‌ನಲ್ಲಿ ಇಳಿದವಳು

ಮೊದಲು ನೆನಪಾಗುವುದು ಬಳೆಗಳ ಸದ್ದು. ಹಡಗಿನ ಕೆಳಗಿನ ಅಂತಸ್ತಿನ ಪುಟ್ಟ ಆಸ್ಪತ್ರೆಯಲ್ಲಿ, ಮಂಚದ ಪಕ್ಕದ ಸ್ಟೀಲ್ ಸರಳಿಗೆ ನನ್ನ ನೆಗೆಣ್ಣಿಯ ಹಸಿರು ಗಾಜಿನ ಬಳೆಗಳು ಕಿಣಿಕಿಣಿ ಬಡಿಯುತ್ತಿದ್ದವು. ಹಡಗು ಸಣ್ಣಗೆ ಅಲುಗುತ್ತಿತ್ತು, ಅದರ ಜೊತೆಗೆ ಅವಳ ಕೈಯೂ. ಅವಳಿಗೆ ಎಚ್ಚರವಿರಲಿಲ್ಲ. ನನ್ನ ಕೈ ಸದ್ದು ಮಾಡದೆ ವರ್ಷಗಳೇ ಆಗಿವೆ. ಯಜಮಾನರು ಹೋದ ಮೇಲೆ ನಾನು ಕಟ್ಟುವುದು ವಾಚು ಒಂದೇ. ಅಂಥ ಹೊತ್ತಿನಲ್ಲೂ ನಾನು ಅವಳ ಮುಖ ನೋಡುವ ಬದಲು ಆ ಬಳೆಗಳನ್ನೇ ನೋಡುತ್ತ ನಿಂತಿದ್ದೆ.

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಬಬಲೇಶ್ವರದ ಹುಡುಗಿ, ತಿಕೋಟಾದ ದ್ರಾಕ್ಷಿ ತೋಟಕ್ಕೆ ಸೊಸೆಯಾಗಿ ಬಂದವಳು. ನಾನು ಬೆಳಗಾವಿಯ ಕಾನ್ವೆಂಟ್ ಬೋರ್ಡಿಂಗ್‌ನಲ್ಲಿ ಬೆಳೆದು, ಮದುವೆಯಾಗಿ ವಿಜಯಪುರದ ಜೋರಾಪುರ ಪೇಟೆಗೆ ಬಂದು, ನಿವೃತ್ತಿಯವರೆಗೂ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದೆ. ಒಂದೇ ಮನೆತನದ ಇಬ್ಬರು ಸೊಸೆಯಂದಿರು. ಹಬ್ಬಕ್ಕೆ ಸೇರಿದಾಗ ಎಲ್ಲರೂ ನನ್ನನ್ನು ಗೌರವದಿಂದ ಕುರ್ಚಿಯ ಮೇಲೆ ಕೂರಿಸುತ್ತಿದ್ದರು, ಅವಳ ಸುತ್ತ ಕೆಳಗೆ ಕೂತು ನಗುತ್ತಿದ್ದರು. ಕುರ್ಚಿಯ ಮೇಲೆ ಕೂತವಳಿಗೆ ನಗು ಅಷ್ಟು ಸುಲಭವಾಗಿ ಮುಟ್ಟುವುದಿಲ್ಲ.

ಆದರೆ ಹಡಗು ಮಾತ್ರ ನನ್ನದಾಗಿತ್ತು. ನಮ್ಮ ಕಾನ್ವೆಂಟಿನ ಊಟದ ಹಾಲ್‌ನಲ್ಲಿ ದೊಡ್ಡದೊಂದು ಬಿಳಿ ಹಡಗಿನ ಚಿತ್ರವಿತ್ತು. ವಯಸ್ಸಾದ ಸಿಸ್ಟರ್ ಒಬ್ಬರು ಹುಡುಗಿಯಾಗಿದ್ದಾಗ ಅಂಥ ಹಡಗಿನಲ್ಲೇ ಈ ದೇಶಕ್ಕೆ ಬಂದವರು. ಡೆಕ್ ಮೇಲಿನ ಗಾಳಿ, ಬಿಸಿ ಸೂಪು, ರಾತ್ರಿಯ ಬ್ಯಾಂಡು ಎಲ್ಲವನ್ನೂ ವರ್ಣಿಸುತ್ತಿದ್ದರು. ಸಮುದ್ರವನ್ನೇ ಕಾಣದ ನಾನು ಅನ್ನ ಉಣ್ಣುತ್ತ ಆ ಹಡಗು ಹತ್ತಿಬಿಡುತ್ತಿದ್ದೆ. ಹಾಗಾಗಿ, ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೆಲ್ಲ ಜೊತೆಯಾಗಿ ಸಿಂಗಾಪುರಕ್ಕೆ ಹೋಗಿ ಅಲ್ಲಿಂದ ಕ್ರೂಸ್ ಹತ್ತುತ್ತಾರೆಂದು ಮೈದುನ ಬಂದು ಹೇಳಿದಾಗ ನನ್ನ ಮನಸ್ಸು ಕುಣಿಯಿತು.

“ನೀವು ಬರಾಕ ಬೇಕ್ರಿ ವೈನಿ. ನಮಗ್ಯಾರಿಗೂ ಇಂಗ್ಲೀಷ್ ಬರೂದಿಲ್ಲ. ಅಲ್ಲಿ ಉಪ್ಪು ಕೇಳಾಕೂ ನೀವ ಬೇಕು” ಎಂದ.

ಉಪ್ಪು ಕೇಳುವುದಕ್ಕಾದರೂ ನಾನು ಬೇಕಾದೆನಲ್ಲ ಎಂದುಕೊಂಡೆ.

ಇನ್ಶೂರೆನ್ಸ್ ಮಾಡಿಸಲು ಎಲ್ಲರೂ ವಿಜಯಪುರದ ಟ್ರಾವೆಲ್ ಏಜೆಂಟನ ಆಫೀಸಿನಲ್ಲಿ ಸೇರಿದ್ದೆವು. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆದರೆ ಬಿಲ್ಲು ಬಲು ದುಬಾರಿ. ಮೊದಲೇ ಇರುವ ಕಾಯಿಲೆ ಹೇಳದಿದ್ದರೆ ಕಂಪನಿಯವರು ಕೈ ಎತ್ತುತ್ತಾರೆ ಎಂದು ಏಜೆಂಟ್ ತಿಳಿಸಿದ. ನಮ್ಮ ಕಡೆ ನಾಲ್ಕು ಜನರೆದುರು ಯಾರೂ ತಮ್ಮ ಜಡ್ಡಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅದು ಬಲಿಯುತ್ತದೆ, ದೃಷ್ಟಿ ತಾಗುತ್ತದೆ. ಪ್ರಯಾಣಕ್ಕೆ ಮುಂಚೆಯಂತೂ ಇಲ್ಲವೇ ಇಲ್ಲ. ಒಬ್ಬೊಬ್ಬರಾಗಿ “ಆರಾಮ ಅದೀವ್ರಿ” ಎನ್ನುತ್ತ ಬಂದರು. ಮೈದುನನ ಸರದಿ ಬಂತು.

“ಬರಕೋರಿ. ನಮ್ಮಾಕಿಗಿ ಸಕ್ಕರಿ ಬ್ಯಾನಿ ಐತಿ, ಬಿಪಿ ಐತಿ. ಮ್ಯಾಲ ಸಿಟ್ಟೂ ಐತಿ.”

“ಸಿಟ್ಟಿಗೂ ರೊಕ್ಕಾ ಕೊಡ್ತಾರೇನ ಕೇಳ್ರಿ ಮತ್ತ. ದಿನಾ ಕ್ಲೇಮ್ ಮಾಡೂನು” ಎಂದಳು ಅವಳು. ಆಫೀಸಿಗೆ ಆಫೀಸೇ ನಕ್ಕಿತು.

ನನ್ನನ್ನು ಕೇಳಿದಾಗ “ಪರ್ಫೆಕ್ಟ್ಲಿ ಫೈನ್” ಎಂದೆ. ನನ್ನ ಬಿಪಿ ಗೊತ್ತಿದ್ದದ್ದು ನನಗೆ ಮತ್ತು ಔಷಧಿ ಅಂಗಡಿಯವನಿಗೆ ಮಾತ್ರ. ಅಡ್ಡ ಬಂದು “ಇವರಿಗಿ ಐತ್ರಿ” ಎನ್ನುವವರು ಪಕ್ಕದಲ್ಲಿ ಯಾರೂ ಇರಲಿಲ್ಲ.

ಹಡಗು ಹತ್ತಿದ ಮರುದಿನ ಶ್ರಾವಣ ಸೋಮವಾರ. ನೆಗೆಣ್ಣಿಗೆ ಕಟ್ಟುನಿಟ್ಟಿನ ಉಪವಾಸ. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಮಾತ್ರ ಬೆಳಿಗ್ಗೆ ತಪ್ಪದೆ ನುಂಗಿದ್ದಳು. ಸಮುದ್ರದಲ್ಲಿ ಸೂರ್ಯ ಮುಳುಗಿದ, ದೀಪಗಳೆಲ್ಲ ಹೊತ್ತಿಕೊಂಡವು, ಊಟದ ಹಾಲ್ ತುಂಬಿತು. ಅವಳು ಖಾಲಿ ತಟ್ಟೆಯ ಮುಂದೆ ಕೂತೇ ಇದ್ದಳು.

“ಹೊತ್ತು ಮುಳುಗೇತಿ, ಇನ್ನರೆ ಉಣ್ಣು” ಎಂದೆ.

“ಇಲ್ಲಿ ಮುಳುಗಿದ್ರ ಏನಾತ್ರಿ ಅಕ್ಕಾರ? ನಮ್ಮ ದೇವರ ಜಗಲಿ ಮ್ಯಾಲ ಇನ್ನೂ ದೀಪ ಹಚ್ಚಿಲ್ಲಲ್ಲ. ನಮ್ಮ ಸ್ವಾಮಿ ತಿಕೋಟಾದಾಗ ಅದಾನ, ಸಿಂಗಾಪುರದ ಗಡಿಯಾರ ಅವಗೇನ ಗೊತ್ತು?”

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಮುಂದೆ. ಮನೆಯಲ್ಲಿ ಅವಳ ಸೊಸೆ ದೀಪ ಹಚ್ಚಿ ಫೋನಿನಲ್ಲಿ ತೋರಿಸಿದ ಮೇಲೆಯೇ ಬಾಯಿಗೆ ತುತ್ತು ಎಂದು ಹಟ. ಸಕ್ಕರೆ ಇದ್ದವರು ಹೀಗೆ ಮಾಡಬಾರದು ಎಂದು ಗಂಡ ಬೈದ, ನಾನೂ ಬೈದೆ. ದೀಪ ಕಾಣುವ ಮುಂಚೆಯೇ ಅವಳ ಹಣೆಯ ಮೇಲೆ ಬೆವರು ಮೂಡಿತು, ಮಾತು ತೊದಲಿತು, ಕುರ್ಚಿಯಿಂದ ಜಾರಿದಳು.

ಕೆಳಗಿನ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಚ್ಚಲು ನರ ಹುಡುಕುತ್ತಿದ್ದ ಫಿಲಿಪೈನ್ಸ್‌ನ ನರ್ಸಿಗೆ ಬಳೆಗಳು ಅಡ್ಡ ಬಂದವು. ತೆಗೆಯಲು ಹೋದಳು. ಅಷ್ಟರಲ್ಲಿ ಬಾಯಿಗೆ ಸವರಿದ ಸಕ್ಕರೆಯಿಂದಲೋ ಏನೋ ನೆಗೆಣ್ಣಿ ಕಣ್ಣು ಬಿಟ್ಟವಳು ಕೈಯನ್ನು ಎದೆಗೆ ಎಳೆದುಕೊಂಡಳು. ಗಂಡ ಇರುವಾಗ ಬರಿಗೈ ಮಾಡಿಕೊಳ್ಳುವುದುಂಟೇ? ನಾನು ನರ್ಸಿಗೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳುತ್ತಿದ್ದೆ. ಮೈದುನ ಟ್ರೇಯಲ್ಲಿದ್ದ, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಚೂರೊಂದನ್ನು ಕೇಳಿ ತೆಗೆದುಕೊಂಡು ಅವಳ ಮಣಿಕಟ್ಟಿಗೆ ಗಂಟು ಹಾಕಿದ.

“ತಗೋ, ಇದ ಬಳಿ ಅನ್ಕೋ. ಊರಿಗಿ ಹೋದ ಮ್ಯಾಲ ಕೈ ತುಂಬ ಇಡಸ್ತೀನಿ. ಈಗ ಸುಮ್ಕಿರು, ನಮ್ಮವ್ವ.”

ಅವಳು ಎದೆಗೊತ್ತಿಕೊಂಡಿದ್ದ ಕೈ ಚಾಚಿದಳು. ಗಂಡನೇ ಒಂದೊಂದಾಗಿ ಬಳೆ ಜಾರಿಸಿ ತನ್ನ ಅಂಗಿಯ ಕಿಸೆಯಲ್ಲಿ ಹಾಕಿಕೊಂಡ. ನರ್ಸ್ ಕಣ್ಣೊರೆಸಿಕೊಂಡಳು. ನನಗೆ ಕಣ್ಣೀರು ಬರಲಿಲ್ಲ, ಎದೆಯೊಳಗೆ ಉರಿ ಎದ್ದಿತು. ಅವನ ಅಣ್ಣ, ನನ್ನ ಯಜಮಾನರು, ಒಳ್ಳೆಯವರೇ. ನನಗೆ ಜ್ವರ ಬಂದರೆ ಬಾಗಿಲಲ್ಲಿ ನಿಂತು “ಗುಳಿಗಿ ತಗೊಂಡೀಯೇನು?” ಎಂದು ಕೇಳುತ್ತಿದ್ದರು. ಒಳಗೆ ಬಂದು ಕೂತದ್ದು ನೆನಪಿಲ್ಲ.

ಬೆಳಗಾಗುವಷ್ಟರಲ್ಲಿ ಸುದ್ದಿ ಹರಡಿ ನಮ್ಮ ಗುಂಪಿಗೆ ಗುಂಪೇ ಆಸ್ಪತ್ರೆಯ ಬಾಗಿಲಿಗೆ ಬಂತು. ಜಡ್ಡಾದವರನ್ನು ನೋಡಲು ಬರಿಗೈಯಲ್ಲಿ ಹೋಗುವ ಜನ ನಾವಲ್ಲ. ತಿಂಡಿಯ ಹಾಲ್‌ನಿಂದ ಸೇಬು, ಬಾಳೆಹಣ್ಣು, ಬ್ರೆಡ್ಡು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಒಮ್ಮೆಗೆ ಒಬ್ಬರೇ ಎಂದಳು ನರ್ಸ್. ನಾನು ಕನ್ನಡದಲ್ಲಿ ಹೇಳಿದೆ. ನನ್ನ ಕ್ಯಾಬಿನ್ನಿನಲ್ಲಿ ಜೊತೆಗಿದ್ದ ಬಬಲೇಶ್ವರದ ಹೆಂಗಸು, ನೆಗೆಣ್ಣಿಯ ತವರಿನ ಓಣಿಯವಳೇ, ಸೊಂಟಕ್ಕೆ ಕೈ ಇಟ್ಟಳು.

“ಒಬ್ಬೊಬ್ಬರ ಹೋದ್ರ ಏನ್ ಛಂದರಿ ಅಕ್ಕೋರ? ಮಲಗಿದಾಕಿಗಿ ತನಗ ಯಾರೂ ಇಲ್ಲ ಅನ್ಸೂದಿಲ್ಲೇನು? ಆ ನರ್ಸಬಾಯಿಗೂ ಒಂದ ಬಾಳಿಹಣ್ಣ ಕೊಡ್ರಿ, ಬಿಡ್ತಾಳ.”

ಕೊಟ್ಟರು. ಬಿಟ್ಟಳು.

ಕಾನ್ವೆಂಟಿನ ಇನ್ಫರ್ಮರಿ ನೆನಪಾಯಿತು. ದಡಾರ ಎದ್ದು ನಾನಲ್ಲಿ ಒಬ್ಬಳೇ ಮಲಗಿದ್ದೆ. ಸಿಸ್ಟರ್ ಬಾರ್ಲಿ ನೀರಿನ ಗ್ಲಾಸನ್ನು ಸ್ಟೂಲ್ ಮೇಲೆ ಇಟ್ಟು, “ಬೀ ಬ್ರೇವ್” ಎಂದು ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು. ಬ್ರೇವ್ ಆಗುವುದನ್ನು ಬೇಗ ಕಲಿತುಬಿಟ್ಟೆ. ಅದನ್ನು ಕಲಿತವರ ಹತ್ತಿರ ಆಮೇಲೆ ಯಾರೂ ಬಾಳೆಹಣ್ಣು ಹಿಡಿದುಕೊಂಡು ಬರುವುದಿಲ್ಲ.

ಹಡಗಿನ ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. ಸಕ್ಕರೆ ಸರಿಹೋಗಿದೆ, ಆದರೆ ಇಸಿಜಿ ಚೆನ್ನಾಗಿಲ್ಲ. ಹೃದಯದ ಚಿಕಿತ್ಸೆ ಇಲ್ಲಿ ಆಗುವುದಿಲ್ಲ, ಮುಂದಿನ ಬಂದರು ಪೆನಾಂಗ್, ಅಲ್ಲಿಳಿಸಿ ಆಸ್ಪತ್ರೆಗೆ ಸೇರಿಸಬೇಕು ಎಂದರು. ಅವರ ಟೇಬಲ್ಲಿನ ಫೋನಿನಿಂದಲೇ ಇನ್ಶೂರೆನ್ಸ್‌ನ ಸಹಾಯವಾಣಿಗೆ ಮಾತಾಡಿದೆ. ಆ ಕಡೆಯ ಹೆಣ್ಣು ದನಿ ಸಾವಕಾಶವಾಗಿ ಎಲ್ಲ ಕೇಳಿತು. ಡಯಾಬಿಟಿಸ್ ಮೊದಲೇ ತಿಳಿಸಿದ್ದೀರಾ? ತಿಳಿಸಿದ್ದೇವೆ. ಹಾಗಾದರೆ ತೊಂದರೆಯಿಲ್ಲ ಎಂದಳು. ಹಡಗಿನ ಬಿಲ್ಲು ಈಗ ಕಟ್ಟಿ ಆಮೇಲೆ ಕೇಳಿ. ಪೆನಾಂಗ್‌ನ ಆಸ್ಪತ್ರೆಯದನ್ನು ನಾವೇ ನೇರವಾಗಿ ಕೊಡುತ್ತೇವೆ, ಬಂದರಿಗೆ ಆಂಬುಲೆನ್ಸ್ ಬರುತ್ತದೆ, ಜೊತೆಗೆ ಒಬ್ಬರಿಗೆ ಮಾತ್ರ ಉಳಿಯುವ ವ್ಯವಸ್ಥೆ.

ಒಬ್ಬರಿಗೆ ಮಾತ್ರ. ಗಂಡ ಇಳಿಯಬೇಕೋ, ಇಂಗ್ಲಿಷ್ ಇಳಿಯಬೇಕೋ?

ಎಲ್ಲರೂ ನನ್ನ ಕಡೆ ನೋಡಿದರು. ಮೈದುನನೇ, “ವೈನಿನ ಹೋಗ್ಲಿ. ಪರದೇಶ. ಡಾಕ್ಟರ್ ಏನಂದಾ ಅಂತ ನನಗ್ಹ್ಯಾಂಗ ತಿಳೀಬೇಕು?” ಎಂದ. ನಾನು ಮನಸ್ಸಿನಲ್ಲೇ ಚೀಲ ಕಟ್ಟಿದೆ. ಇಷ್ಟು ವರ್ಷ ಕನಸು ಕಂಡ ಹಡಗು ಬಿಡುವುದಕ್ಕೆ ನನಗೆ ಒಂದಿಷ್ಟೂ ದುಃಖವಾಗಲಿಲ್ಲ. ಒಬ್ಬರ ಮಂಚದ ಪಕ್ಕದ ಕುರ್ಚಿ ನನ್ನದಾಗುತ್ತದೆ, ಅವಳು ಕಣ್ಣು ಬಿಟ್ಟಾಗ ಮೊದಲು ನನ್ನನ್ನೇ ಹುಡುಕುತ್ತಾಳೆ. ಅಷ್ಟು ಸಾಕಿತ್ತು ನನಗೆ.

ಅವಳು ಕಣ್ಣು ಮುಚ್ಚಿಕೊಂಡೇ, “ಇವರ ಬರ್ಲಿ” ಎಂದಳು.

“ಅಲ್ಲಿ ಡಾಕ್ಟರ್ ಕೂಡ ಇವ ಏನ್ ಮಾತಾಡ್ತಾನ?” ನನ್ನ ದನಿ ಏರಿಯೇಬಿಟ್ಟಿತು.

“ಮಾತು ಯಾರಿಗಿ ಬೇಕ್ರಿ ಅಕ್ಕಾರ? ಬಾಜೂಕ ಕುಂತ್ರ ಸಾಕು.”

ಮತ್ತೆ ಫೋನ್ ಮಾಡಿ, ಹಿಂದಿ ಬಲ್ಲವರೊಬ್ಬರನ್ನು ಆಸ್ಪತ್ರೆಗೆ ಕಳಿಸಿ ಎಂದು ನಾನೇ ಕೇಳಿಕೊಂಡೆ. ಪೆನಾಂಗ್‌ನಲ್ಲಿ ಅವಳನ್ನು ಗಾಲಿ ಕುರ್ಚಿಯಲ್ಲಿ ಇಳಿಸಿದರು. ಮಣಿಕಟ್ಟಿನಲ್ಲಿ ಗಾಜ್ ಬಟ್ಟೆ, ಹಿಂದೆ ಚೀಲ ಹೊತ್ತ ಗಂಡ. ನಾನು ಮೇಲಿನ ಡೆಕ್ ಮೇಲೆ ನಿಂತಿದ್ದೆ, ಚಿತ್ರದಲ್ಲಿದ್ದಂಥದೇ ಬಿಳಿ ಕಟಾಂಜನ ಹಿಡಿದುಕೊಂಡು. ಗಾಳಿ ಇತ್ತು. ಬಿಸಿ ಸೂಪೂ ಕೊಟ್ಟರು. ನನಗೆ ಯಾವುದೂ ರುಚಿಸಲಿಲ್ಲ.

ಆ ಮಧ್ಯಾಹ್ನ ನನಗೆ ತಲೆ ಸುತ್ತಿತು, ಹಿಂಗತ್ತು ಬಿಗಿಯಿತು. ಬಿಪಿಯೇ. ಕೆಳಗೆ ಹೋಗಲಿಲ್ಲ; ಪರ್ಫೆಕ್ಟ್ಲಿ ಫೈನ್ ಎಂದವಳಿಗೆ ಯಾವ ಕಂಪನಿ ಕೊಡುತ್ತದೆ? ಗುಳಿಗೆ ನುಂಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದೆ.

“ಮಾರಿ ಯಾಕ ಸಣ್ಣ ಮಾಡೀರಿ ಅಕ್ಕೋರ? ಆಕಿ ಚಿಂತಿ ಬಿಡ್ರಿ, ಆರಾಮ ಆಗ್ತಾಳ” ಎಂದಳು ಬಬಲೇಶ್ವರದವಳು.

ಆಕೆಯ ಚಿಂತೆ ಎಂದೇ ತಿಳಿದಳು. ತಿಳಿಯಲಿ ಎಂದು ಬಿಟ್ಟೆ.

ಅವರು ನಮ್ಮ ಹಿಂದೆಯೇ ಊರಿಗೆ ಬಂದರು. ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. ಖರ್ಚೆಲ್ಲ ಕಂಪನಿಯದೇ. ತಿಕೋಟಾದ ಪಡಸಾಲೆಯಲ್ಲಿ ಹೊನವಾಡದಿಂದ, ಬಬಲೇಶ್ವರದಿಂದ ಬಂದ ಜನವೋ ಜನ. ಪೆನಾಂಗ್‌ನ ಡಾಕ್ಟರ್ ಜೊತೆ ತನ್ನ ವಿಜಯಪುರದ ಹಿಂದಿಯಲ್ಲಿ ಹೇಗೆ ವಾದ ಮಾಡಿದೆನೆಂದು ಮೈದುನ ಅಭಿನಯಿಸಿ ತೋರಿಸುತ್ತಿದ್ದ. ಅವಳ ಕೈ ತುಂಬ ಹೊಸ ಬಳೆ. ನನಗೆ ಕುರ್ಚಿ ಹಾಕಿದರು.

ಅವಳು ಹೋದದ್ದು ಮೊನ್ನೆಯ ಚಳಿಗಾಲದಲ್ಲಿ. ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ಕಣ್ಣಿನ ಆಪರೇಷನ್ ಆಗಿ ಪಟ್ಟಿ ಕಟ್ಟಿಕೊಂಡಿದ್ದ ನನ್ನನ್ನು ಯಾರೂ ಮಣ್ಣಿಗೆ ಕರೆದೊಯ್ಯಲಿಲ್ಲ. ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದರು ಎಲ್ಲರೂ. ಅದನ್ನು ಕೇಳಿಯೂ ನನಗೆ ಹೊಟ್ಟೆಕಿಚ್ಚಾಯಿತು.

ಕೊನೆಯ ಸಲ ಅವಳನ್ನು ನೋಡಿದ್ದು ಅದಕ್ಕೂ ಮುಂಚೆ, ಒಣದ್ರಾಕ್ಷಿ ಮಾಡುವ ಬಿಸಿಲ ದಿನಗಳಲ್ಲಿ, ತಿಕೋಟಾದ ಬಸ್ ಸ್ಟ್ಯಾಂಡಿನಲ್ಲಿ. ಬೇಡವೆಂದರೂ ನನ್ನನ್ನು ಕಳಿಸಲು ಬಂದಿದ್ದಳು. ಗಂಡ ಅವಳ ತಲೆಯ ಮೇಲೆ ಕೊಡೆ ಹಿಡಿದಿದ್ದ. ಅವನು ಬಸ್ಸು ಕೇಳಲು ಅತ್ತ ಹೋದಾಗ, ಅಷ್ಟು ದಿನ ಗಂಟಲಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. “ಅವತ್ತ ಹಡಗಿನ್ಯಾಗ ನನ್ನ ಯಾಕ ಬ್ಯಾಡ ಅಂದಿ?”

ಅವಳು ನಕ್ಕಳು. “ನಿಮಗ ಹಡಗಂದ್ರ ಎಷ್ಟ ಆಸೆ ಇತ್ತರಿ ಅಕ್ಕಾರ. ನಂದಂತೂ ಕೆಟ್ಟಿತ್ತು, ನೀವರೆ ಪೂರಾ ನೋಡ್ರಿ ಅಂತ ಅಂದೆ. ಮತ್ತ ಇವರನ್ನ ಹಡಗಿನ್ಯಾಗ ಬಿಟ್ಟು ಹೋಗಿದ್ರ ಫೋನ್ ಹಚ್ಚಿ ಹಚ್ಚಿ ನಿಮ್ಮನ್ನ ಗೋಳ ಹೊಯ್ಕೋತಿದ್ರು.”

ಒಳ್ಳೆಯತನವೂ ಅವಳಿಗೆ ಇಷ್ಟು ಸಲೀಸೇ ಎನ್ನಿಸಿತು.

ಬಸ್ಸು ಬಂತು. ಕಿಟಕಿಯ ಪಕ್ಕ ಕೂತು ಕೈ ಬೀಸಲು ತಿರುಗಿದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಕೊಡೆಯನ್ನು ಸರಿಯಾಗಿ ಹಿಡಿಯಲು ಬಾರದ ಗಂಡನಿಗೆ ಬೈಯುತ್ತ, ಅದರ ಕೋಲಿನ ಮೇಲೆ ತಾನೂ ಒಂದು ಕೈ ಇಟ್ಟಿದ್ದಳು.